ಹುಲ್ಲು ಹೂ ಬಿಡುವುದಿಲ್ಲವೇ? ಬ್ಲಾಟರ್ ಪಾದ್ರಿಯನ್ನು ಕೇಳಬೇಕಿತ್ತು

ಗಿಡಮರಕ್ಕೆ ಹೂವುಂಟು, ಹುಲ್ಲಿಗಿಲ್ಲ ಎಂದು ನಂಬಿದವರು ಬಹಳ. ಯಲವಿಗಿಯ ಹೊಲದ ಬದುವಿನಲ್ಲಿ ನಡೆದು ಬಂದಾಗ ಧೋತರಕ್ಕೆ ಚುಚ್ಚಿಕೊಳ್ಳುವ ಹುಲ್ಲಿನ ಮುಳ್ಳು ಇದೆಯಲ್ಲ, ಅದು ಹೂವಿನದೇ ಭಾಗ! ಹುಲ್ಲಿಗೆ ಪರಾಗಸ್ಪರ್ಶ ಮಾಡಿಸುವುದು ಗಾಳಿ. ದುಂಬಿಯನ್ನು ಕರೆಯಬೇಕಿಲ್ಲವಾದ್ದರಿಂದ ಬಣ್ಣದ ದಳವೂ ಬೇಡ, ಮಕರಂದವೂ ಬೇಡ.

ಇಂಥ ಹೂಗಳ ಬೆನ್ನು ಹತ್ತಿದವರು ಎಥೆಲ್ಬರ್ಟ್ ಬ್ಲಾಟರ್. 1877ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈ ಜೆಸ್ವಿಟ್ ಪಾದ್ರಿ 1903ರಲ್ಲಿ ಮುಂಬಯಿಗೆ ಬಂದು ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರಾದರು. ತಾಳೆ ಜಾತಿಯ ಮರಗಳ ಬಗ್ಗೆ, ಕಾಶ್ಮೀರದ ಹೂಗಳ ಬಗ್ಗೆ ಪುಸ್ತಕ ಬರೆದರು. ಅವೆಲ್ಲ ಕಣ್ಸೆಳೆಯುವ ಗಿಡಗಳು. ಹುಲ್ಲಿನ ಕೆಲಸ ಅಷ್ಟು ಸಲೀಸಲ್ಲ. ಎಲೆ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣದು. ಲಾವಂಚದಂಥ ಬಹುವಾರ್ಷಿಕ ಹುಲ್ಲು ವರ್ಷಗಟ್ಟಲೆ ಬುಡದಿಂದ ಚಿಗುರುತ್ತಲೇ ಇದ್ದರೂ ಅದರ ಜಾತಿಯನ್ನು ಖಚಿತವಾಗಿ ಹೇಳಲು ಹೂಗೊಂಚಲೇ ಬೇಕು. ತೆನೆ ಬರುವ ಮೊದಲೇ ಮೇವಿಗೆ ಕೊಯ್ದರೆ ಆ ವರ್ಷ ಗುರುತು ಸಿಗಲಿಲ್ಲವೆಂದೇ ಲೆಕ್ಕ.

ಈ ಕೆಲಸಕ್ಕೆ ಜೊತೆಯಾದ ಚಾರ್ಲ್ಸ್ ಮೆಕಾನ್ ನಮ್ಮ ಕಡೆಯವರೇ ಎನ್ನಬಹುದು. 1899ರಲ್ಲಿ ಅವರು ಹುಟ್ಟಿದ್ದು ಕ್ಯಾಸಲ್‌ರಾಕ್‌ನಲ್ಲಿ; ಯಲವಿಗಿಯಿಂದ ರೈಲು ಹಿಡಿದು ಹುಬ್ಬಳ್ಳಿ, ಲೋಂಡಾ ದಾಟಿದರೆ ಗೋವಾ ಗಡಿಯಲ್ಲಿ ಸಿಗುವ ಊರದು. ಧಾರವಾಡ, ಉತ್ತರ ಕನ್ನಡಗಳೂ ಸೇರಿದ್ದ ಮುಂಬಯಿ ಪ್ರಾಂತ್ಯದ ಹುಲ್ಲುಗಳನ್ನು ಇಬ್ಬರೂ ಒಂದೊಂದಾಗಿ ಪರೀಕ್ಷಿಸಿದರು. ಒಂದು ಹುಲ್ಲಿಗೆ ಬ್ಲಾಟರ್ ಮೆಕಾನ್ ಹೆಸರನ್ನೇ ಇಟ್ಟರು. ದಕ್ಷಿಣ ಭಾರತದ ಇನ್ನೊಂದು ಹುಲ್ಲನ್ನು, ಅದರ ಹೂಗಳ ರಚನೆ ನೋಡಿ, ಲಾವಂಚದ ಗುಂಪಿಗೆ ಸೇರಿಸಿ ವೆಟಿವೇರಿಯಾ ಲಾಸೋನಿ ಎಂದು ಇಬ್ಬರೂ ಹೆಸರಿಸಿದರು.

1934ರ ಮೇ 26ರಂದು ಬ್ಲಾಟರ್ ತೀರಿಕೊಂಡರು. 'ದಿ ಬಾಂಬೆ ಗ್ರಾಸಸ್' ಅಚ್ಚಾಗಿ ಬಂದದ್ದು 1935ರಲ್ಲಿ, ಇಬ್ಬರ ಹೆಸರಿನಲ್ಲಿ. ತಮ್ಮ ಪುಸ್ತಕವನ್ನು ಕೈಯಲ್ಲಿ ಹಿಡಿಯುವ ಯೋಗ ಪಾದ್ರಿಗಳಿಗಿರಲಿಲ್ಲ.

ವಿಜ್ಞಾನದ ಹೆಸರುಗಳೂ ಬದಲಾಗುತ್ತವೆ. 1999ರಲ್ಲಿ ವೆಟಿವೇರಿಯಾ ಗುಂಪನ್ನೇ ಕ್ರೈಸೊಪೋಗನ್‌ನಲ್ಲಿ ವಿಲೀನ ಮಾಡಲಾಯಿತು. ನಿಮ್ಮ ಮನೆಯ ಲಾವಂಚ ಈಗ ಕ್ರೈಸೊಪೋಗನ್ ಜಿಜೇನಿಯಾಯ್ಡಿಸ್. ಒಣಗಿಸಿಟ್ಟ ಸಸ್ಯಗಳ ದೊಡ್ಡ ಸಂಗ್ರಹವೊಂದು ಅದೇ ಕಾಲೇಜಿನಲ್ಲಿ 'ಬ್ಲಾಟರ್ ಹರ್ಬೇರಿಯಂ' ಎಂಬ ಹೆಸರಿನಲ್ಲಿ ಇಂದಿಗೂ ಇದೆ.