ಗುಣವಾಗದವರಿಗೂ ಜಾಗ ಕೊಟ್ಟ ಫಾದರ್ ಮುಲ್ಲರ್

ಮಂಗಳೂರಿನ ಕಂಕನಾಡಿ ಎಂದೊಡನೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ನಮಗೆ ನೆನಪಾಗುವುದು ಫಾದರ್ ಮುಲ್ಲರ್ ಆಸ್ಪತ್ರೆ. ದೊಡ್ಡ ಕಾಯಿಲೆ ಎಂದರೆ ಮಣಿಪಾಲ, ಇಲ್ಲವೇ ಕಂಕನಾಡಿ ಎನ್ನುವುದು ನಮ್ಮ ಮನೆಗಳ ಮಾತು. ಆದರೆ ಆ ಹೆಸರಿನ ಹಿಂದಿರುವ ಧರ್ಮಗುರುಗಳ ಬಗ್ಗೆ ನಮ್ಮಲ್ಲಿ ತಿಳಿದವರು ಕಡಿಮೆ. ಮನೆಯಲ್ಲಿ ಕ್ಯಾನ್ಸರ್ ರೋಗಿಯನ್ನು ನೋಡಿಕೊಳ್ಳುತ್ತಿರುವವರಿಗಂತೂ ಅವರ ಜೀವನ ತೀರಾ ಹತ್ತಿರದ್ದು.

ವಂದನೀಯ ಫಾ| ಆಗಸ್ಟಸ್ ಮುಲ್ಲರ್ 1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದ ಜೆಸ್ವಿತ್ ಗುರುಗಳ ಮೊದಲ ತಂಡದಲ್ಲಿ ಅವರೂ ಇದ್ದರು. 1880ರಲ್ಲಿ ಸಂತ ಎಲೋಶಿಯಸ್ ಕಾಲೇಜು ಆರಂಭವಾದಾಗ ಅವರ ಪಾಲಿಗೆ ಬಂದದ್ದು ಪಾಠ ಹೇಳುವ ಕೆಲಸ. ಜೊತೆಗೆ ಹೋಮಿಯೋಪಥಿ ತಿಳಿದಿದ್ದರು. ಮೊದಲು ವಿದ್ಯಾರ್ಥಿಗಳಿಗೆ, ಆಮೇಲೆ ಕೇಳಿಕೊಂಡು ಬಂದ ಬಡವರಿಗೆ ಔಷಧ ಕೊಡತೊಡಗಿದರು. ಅದೇ ವರ್ಷ ಕಂಕನಾಡಿಯಲ್ಲಿ ಬಡವರ ಹೋಮಿಯೋಪಥಿ ಔಷಧಾಲಯ ಶುರುವಾಯಿತು. ಆಲದ ಮರದ ಅಡಿಯಲ್ಲಿ ಎಂದು ಇಂದಿಗೂ ಹೇಳುತ್ತಾರೆ.

ಆಗ ಕುಂದಾಪುರದಿಂದ ಮಂಗಳೂರಿಗೆ ಹೋಗುವುದೆಂದರೆ ಹೊಳೆಯ ಮೇಲೆ ಹೊಳೆ ದೋಣಿಯಲ್ಲಿ ದಾಟಬೇಕಿತ್ತು. ಮಲಗಿದ ರೋಗಿಯನ್ನು ಯಾರು ಹೊತ್ತೊಯ್ದಾರು? ಫಾ| ಮುಲ್ಲರ್ ಔಷಧಗಳನ್ನು ಅಂಚೆಯಲ್ಲಿ ದೂರದೂರುಗಳಿಗೆ ಕಳುಹಿಸುತ್ತಿದ್ದರು, ಬಳಸುವ ಬಗೆಯನ್ನು ತಿಳಿಸುವ ಪುಸ್ತಕಗಳನ್ನೂ ಅಚ್ಚು ಹಾಕಿಸಿದರು. ಔಷಧ ಮಾರಾಟದಿಂದ ಬಂದ ಹಣ ಬಡರೋಗಿಗಳ ಖರ್ಚಿಗೆ ನೆರವಾಯಿತು.

ಇಷ್ಟೇ ಆಗಿದ್ದರೆ ಅವರು ಒಬ್ಬ ಪರೋಪಕಾರಿ ಔಷಧಿ ಪಾದ್ರಿ ಎನಿಸಿಕೊಳ್ಳುತ್ತಿದ್ದರು. 1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಾ ಅದೇ ರೋಗದಿಂದ ಫಾ| ಡೇಮಿಯನ್ ತೀರಿಕೊಂಡು ಆಗಿನ್ನೂ ಒಂದು ವರ್ಷ. ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದರೂ ಅದಕ್ಕೆ ಮದ್ದಿರಲಿಲ್ಲ. ಚಾಲ್ಮೂಗ್ರಾ ಎಣ್ಣೆ ಹಚ್ಚುತ್ತಿದ್ದರು, ಕುಡಿಸುತ್ತಿದ್ದರು. ಗುಣವಾಗುವ ಭರವಸೆ ಇರಲಿಲ್ಲ. ಸ್ಪರ್ಶಜ್ಞಾನ ಹೋದ ಕೈಕಾಲಿಗೆ ಬೆಂಕಿ ತಗಲಿದರೂ ಗೊತ್ತಾಗುವುದಿಲ್ಲ, ಹುಣ್ಣಾಗುತ್ತದೆ, ವಾಸನೆ ಬರುತ್ತದೆ. ಮನೆಯವರೇ ಹೊರಗಿಡುತ್ತಾರೆ. ಅಂಥವರಿಗೆ ಬೇಕಾದದ್ದು ಮಾತ್ರೆಗಿಂತ ಹೆಚ್ಚಾಗಿ ಸೂರು, ಊಟ, ದಿನವೂ ಹುಣ್ಣು ತೊಳೆದು ಕಟ್ಟುವ ಕೈ. ಗುಳಿಗೆ ಕೊಟ್ಟು ಹೆಸರಾದ ಗುರುಗಳು ಇದನ್ನು ಅರಿತರು ಎನ್ನುವುದೇ ನನಗೆ ಅವರ ಬದುಕಿನ ದೊಡ್ಡ ಸಂಗತಿ.

ಇದನ್ನು ಓದುವಾಗ ನಮ್ಮ ವಾಳೆಗಳ ಮನೆಗಳು ನೆನಪಾಗುತ್ತವೆ. ಮಗ ಮುಂಬಯಿಯಲ್ಲಿ ಅಥವಾ ಗಲ್ಫಿನಲ್ಲಿ, ಇಲ್ಲಿ ಅಮ್ಮನಿಗೆ ಕ್ಯಾನ್ಸರ್, ನೋಡಿಕೊಳ್ಳಲು ಸೊಸೆ ಒಬ್ಬಳೇ. ಕ್ಯಾನ್ಸರ್ ಮುಟ್ಟಿದರೆ ಹರಡುವ ರೋಗವಲ್ಲ, ಆದರೂ ಕೆಲವು ಕಡೆ ತಟ್ಟೆ ಲೋಟ ಬೇರೆಯಾಗುತ್ತದೆ. ರೋಗದ ಹೆಸರನ್ನು ಅಮ್ಮನಿಂದ ಮುಚ್ಚಿಡುತ್ತಾರೆ. ಅಮ್ಮನಿಗೆ ಎಲ್ಲ ಗೊತ್ತಿರುತ್ತದೆ, ಮನೆಯವರಿಗೆ ನೋವಾದೀತೆಂದು ಆಕೆಯೂ ಸುಮ್ಮನಿರುತ್ತಾಳೆ. ಹುಣ್ಣಿನ ವಾಸನೆಗೆ ಹೆದರಿ ನೆಂಟರು ಬಾಗಿಲಲ್ಲೇ ನಿಲ್ಲುತ್ತಾರೆ. ಆ ವಾಸನೆಯನ್ನು ತಗ್ಗಿಸಲು ಮೆಟ್ರೊನಿಡಜೋಲ್ ಎಂಬ ಸಾಮಾನ್ಯ ಔಷಧವಿದೆ, ಡಾಕ್ಟರರನ್ನು ಕೇಳಬೇಕು. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆಂದು ಹೆದರಿ ರೋಗಿಯನ್ನು ನರಳಲು ಬಿಡುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬಳಸಲು ಮಾರ್ಗದರ್ಶನ ನೀಡಿದೆ. ನಮ್ಮ ದೇಶದಲ್ಲಿ 2014ರ ಕಾನೂನು ತಿದ್ದುಪಡಿಯ ನಂತರ ಆಸ್ಪತ್ರೆಗಳು ಅದನ್ನು ಪಡೆಯುವುದು ಸುಲಭವಾಗಿದೆ. ಮಣಿಪಾಲದ ಕೆಎಂಸಿಯಲ್ಲಿ ಇಂಥ ಉಪಶಮನ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಫಾ| ಮುಲ್ಲರ್ ಹೆಸರು ಹೇಳಿ ಗಡ್ಡೆ ಕಂಡ ಮೇಲೂ ಗುಳಿಗೆಯಲ್ಲೇ ತಿಂಗಳುಗಟ್ಟಲೆ ಕಳೆಯುವುದು ಸರಿಯಲ್ಲ. ಅವರ ಕಾಲದ ಕುಷ್ಠದಂತಲ್ಲ ಇಂದಿನ ಕ್ಯಾನ್ಸರ್. ಸ್ತನದ, ಬಾಯಿಯ, ಗರ್ಭಕೊರಳಿನ ಕ್ಯಾನ್ಸರ್ ಬೇಗ ಪತ್ತೆಯಾದರೆ ಬಹಳಷ್ಟು ಜನರಲ್ಲಿ ಗುಣವಾಗುತ್ತದೆ.

1895ರಲ್ಲಿ ಕಂಕನಾಡಿಯಲ್ಲಿ ಸಾಮಾನ್ಯ ಆಸ್ಪತ್ರೆ ಆಯಿತು. 1902ರಲ್ಲಿ ಪ್ಲೇಗು ಬಂದಾಗ ಆ ರೋಗಿಗಳಿಗೂ ಪ್ರತ್ಯೇಕ ಆಸ್ಪತ್ರೆ ಕಟ್ಟಿಸಿದರು. 1907ರಲ್ಲಿ ಬ್ರಿಟಿಷ್ ಸರಕಾರ ಕೈಸರ್-ಇ-ಹಿಂದ್ ಪದಕ ನೀಡಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ದೈವಾಧೀನರಾದರು. ಕುಷ್ಠರೋಗವನ್ನು ನಿಜವಾಗಿ ಹತೋಟಿಗೆ ತಂದ ಡ್ಯಾಪ್ಸೋನ್ ಮಾತ್ರೆ ರೋಗಿಗಳ ಕೈಗೆ ಬರಲು ಅಲ್ಲಿಂದ ಇನ್ನೂ ಮೂರು ದಶಕಕ್ಕಿಂತ ಹೆಚ್ಚು ಕಾಲ ಬೇಕಾಯಿತು.