ರಾಬರ್ಟ್ ಶೂಮಾನ್

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ರಾಬರ್ಟ್ ಶೂಮಾನನ ಹೆಸರು ಬಂದಾಗಲೆಲ್ಲ ಅವನ ಮನೋವ್ಯಾಧಿಯ ಮಾತೂ ಬರುತ್ತದೆ. ಆ ವ್ಯಾಧಿಯೇ ಅವನ ಪ್ರತಿಭೆಗೆ ಮೂಲವೆಂದು ಹೇಳುವವರೂ ಉಂಟು. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅವನ ಬಾಳಿನಿಂದಲೇ ಅರಿಯಬೇಕು.

1810ರ ಜೂನ್ 8ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ತ್ಸ್ವಿಕೌ ಎಂಬ ಊರಿನಲ್ಲಿ ಅವನು ಜನಿಸಿದನು. ತಂದೆ ಪುಸ್ತಕ ಪ್ರಕಾಶಕ. ಬಾಲಕನು ಗ್ರಂಥಗಳ ನಡುವೆಯೇ ಬೆಳೆದನು. ಹದಿನಾರನೆಯ ವಯಸ್ಸಿನಲ್ಲಿ ತಂದೆ ತೀರಿಹೋದರು. ತಾಯಿಯ ಇಚ್ಛೆಯಂತೆ ನ್ಯಾಯಶಾಸ್ತ್ರ ಕಲಿಯಲು ಲೈಪ್ಸಿಗ್ ನಗರಕ್ಕೆ ಹೋದನಾದರೂ ಮನಸ್ಸೆಲ್ಲ ಪಿಯಾನೋದ ಮೇಲೆ. ಕೊನೆಗೆ ವೀಕ್ ಎಂಬ ಗುರುವಿನ ಬಳಿ ಕಲಿಯತೊಡಗಿದನು. ಆದರೆ ಬಲಗೈಯ ಬೆರಳು ಕೆಟ್ಟು, ವಾದಕನಾಗುವ ಆಸೆ ಮಣ್ಣುಗೂಡಿತು. ಅಂದಿನಿಂದ ಸಂಗೀತ ರಚನೆಯೇ ಅವನ ವೃತ್ತಿಯಾಯಿತು.

ಜನರ ನಡುವೆ ಶೂಮಾನನು ಮಿತಭಾಷಿ. ಗೆಳೆಯರ ಕೂಟದಲ್ಲಿಯೂ ಮೌನವಾಗಿ ಕುಳಿತಿರುವನು. ಆದರೆ 1834ರಲ್ಲಿ ತಾನೇ ಮುಂದಾಗಿ ನಿಂತು ಪ್ರಾರಂಭಿಸಿದ ಸಂಗೀತ ಪತ್ರಿಕೆಯಲ್ಲಿ ಅವನ ಲೇಖನಿಗೆ ಬಾಯಿ ಬಂದಿತು. ಅಲ್ಲಿ ಅವನು ಎರಡು ಕಲ್ಪಿತ ಹೆಸರುಗಳಿಂದ ಬರೆಯುತ್ತಿದ್ದನು. ಫ್ಲೋರೆಸ್ಟನ್ ಎಂಬವನು ದುಡುಕಿನವನು, ಉತ್ಸಾಹಿ. ಯುಸೇಬಿಯಸ್ ಎಂಬವನು ಸೌಮ್ಯ, ಕನಸುಗಾರ. ಇವರಿಬ್ಬರೂ ಅವನ ವ್ಯಾಧಿಯ ಎರಡು ಮುಖಗಳೆಂದು ಹಲವರು ಬರೆದಿದ್ದಾರೆ. ಇದು ಸರಿಯಲ್ಲ. ಬೈಪೋಲಾರ್ ಎಂದು ಇಂದಿನ ವೈದ್ಯರು ಕರೆಯುವ ವ್ಯಾಧಿಯೆಂದರೆ ಒಂದು ದೇಹದಲ್ಲಿ ಇಬ್ಬರು ವಾಸಿಸುವುದಲ್ಲ. ಮನಸ್ಸು ಕೆಲವು ಕಾಲ ಮಿತಿಮೀರಿ ಉಕ್ಕುವುದು, ಕೆಲವು ಕಾಲ ಪೂರ್ತಿ ಕುಸಿಯುವುದು. ನಡುವೆ ರೋಗಿಯು ಎಲ್ಲರಂತೆಯೇ ಇರುವನು. ಫ್ಲೋರೆಸ್ಟನ್, ಯುಸೇಬಿಯಸರಾದರೋ ಬುದ್ಧಿಪೂರ್ವಕವಾಗಿ ಕಟ್ಟಿದ ಸಾಹಿತ್ಯ ಪಾತ್ರಗಳು.

ಅವನ ನಿಜವಾದ ಸ್ವಭಾವವನ್ನು ಬೇರೆಡೆ ಹುಡುಕಬೇಕು. ಮನೆಯ ಖರ್ಚನ್ನು ತಪ್ಪದೆ ಬರೆದಿಡುವಷ್ಟು ಅಚ್ಚುಕಟ್ಟು ಅವನದು. ಪರರ ಗುಣವನ್ನು ಕಂಡಾಗ ಮತ್ಸರವಿಲ್ಲದೆ ಸಾರುವ ಔದಾರ್ಯವೂ ಅವನಲ್ಲಿತ್ತು. ತನ್ನದೇ ವಯಸ್ಸಿನ ಶೋಪಾನನ್ನು 1831ರಲ್ಲಿಯೂ, ಇಪ್ಪತ್ತು ವರ್ಷದ ಬ್ರಾಮ್ಸನನ್ನು 1853ರಲ್ಲಿಯೂ ಅವನು ಲೋಕಕ್ಕೆ ಪರಿಚಯಿಸಿದನು. ಉಬ್ಬರವಿಳಿತಗಳ ನಡುವೆಯೂ ಈ ಗುಣಗಳು ಅಳಿಯಲಿಲ್ಲ.

ಗುರುವಿನ ಮಗಳು ಕ್ಲಾರಾಳನ್ನು ಮದುವೆಯಾಗಲು ಅವನು ಆ ಗುರುವಿನೊಡನೆಯೇ ನ್ಯಾಯಾಲಯದಲ್ಲಿ ಹೋರಾಡಬೇಕಾಯಿತು. 1840ರಲ್ಲಿ ವಿವಾಹ ನೆರವೇರಿತು. ಆ ಒಂದೇ ವರ್ಷದಲ್ಲಿ ಅವನು ನೂರಕ್ಕೂ ಮಿಕ್ಕಿ ಗೀತಗಳನ್ನು ರಚಿಸಿದನು. ಮರುವರ್ಷದ ಜನವರಿಯಲ್ಲಿ ಮೊದಲನೆಯ ಸಿಂಫನಿಯ ರೂಪರೇಖೆಯನ್ನು ನಾಲ್ಕೇ ದಿನಗಳಲ್ಲಿ ಮುಗಿಸಿದನು. 1844ರಲ್ಲಾದರೋ ದೇಹವೂ ಮನಸ್ಸೂ ಕುಸಿದು ಲೇಖನಿಯೇ ಬಹುಮಟ್ಟಿಗೆ ನಿಂತುಹೋಯಿತು. 1849ರಲ್ಲಿ ಮತ್ತೆ ಸುಗ್ಗಿ. ಈ ಏರಿಳಿತವನ್ನು ಕಂಡೇ ಅನೇಕ ವೈದ್ಯರು ಬೈಪೋಲಾರ್ ವ್ಯಾಧಿಯನ್ನು ಊಹಿಸಿದ್ದಾರೆ. ಮೆದುಳನ್ನು ಕೆಡಿಸುವ ಬೇರೆ ರೋಗವಿತ್ತೆನ್ನುವವರೂ ಇದ್ದಾರೆ. ಒಂದು ಮಾತು ಮಾತ್ರ ಸ್ಪಷ್ಟ. ನಾಲ್ಕು ದಿನಗಳ ಆವೇಶದ ಹಿಂದೆ ಹಲವು ವರ್ಷಗಳ ಅಭ್ಯಾಸವಿತ್ತು. ಮುಂದೆ ಅದನ್ನು ವಾದ್ಯವೃಂದಕ್ಕೆ ಹೊಂದಿಸುವ ವಾರಗಳ ದುಡಿಮೆಯಿತ್ತು. ವ್ಯಾಧಿ ಕುಸಿಸಿದ ತಿಂಗಳುಗಳಲ್ಲಿ ಅದು ಒಂದು ಸ್ವರವನ್ನೂ ಕೊಡಲಿಲ್ಲ.

1850ರಲ್ಲಿ ಅವನು ಡ್ಯೂಸೆಲ್‌ಡಾರ್ಫಿನ ಸಂಗೀತ ನಿರ್ದೇಶಕನಾದನು. 1854ರ ಫೆಬ್ರವರಿಯಲ್ಲಿ ಇಲ್ಲದ ಸ್ವರಗಳು ಅವನ ಕಿವಿಯಲ್ಲಿ ಹಗಲಿರುಳು ಮೊಳಗತೊಡಗಿದವು. ಹೆಂಡತಿಗೆ ತನ್ನಿಂದ ಕೇಡಾದೀತೆಂದು ಅಂಜಿ, ತನ್ನನ್ನು ಚಿಕಿತ್ಸಾಲಯಕ್ಕೆ ಸೇರಿಸಬೇಕೆಂದು ತಾನೇ ಬೇಡಿಕೊಂಡನು. 27ರಂದು ರೈನ್ ನದಿಗೆ ಹಾರಿದವನನ್ನು ಬೆಸ್ತರು ಬದುಕಿಸಿದರು. ಬಳಿಕ ಬಾನ್ ನಗರದ ಬಳಿಯ ಎಂಡೆನಿಖ್ ಚಿಕಿತ್ಸಾಲಯವೇ ಅವನ ಮನೆಯಾಯಿತು. ಮನಸ್ಸಿನ ಉಬ್ಬರವನ್ನು ತಗ್ಗಿಸುವ ಲಿಥಿಯಂ ಲವಣದ ಗುಣವನ್ನು ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಪ್ರಕಟಿಸಿದ್ದು 1949ರಲ್ಲಿ. ಶೂಮಾನನ ಕಾಲದ ವೈದ್ಯರಿಗೆ ಅಂತಹ ಔಷಧಿ ಇರಲಿಲ್ಲ. ರೋಗಿಯು ಉದ್ರೇಕಗೊಳ್ಳುವನೆಂದು ಅವರು ಕ್ಲಾರಾಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ದೂರವಿರಿಸಿದರು. ಆ ನಡುವೆ ಹುಟ್ಟಿದ ಕಿರಿಯ ಮಗನನ್ನು ಅವನು ನೋಡಲೇ ಇಲ್ಲ.

ಕೊನೆಗೆ 1856ರ ಜುಲೈ 27ರಂದು ಅವಳನ್ನು ಒಳಗೆ ಬಿಟ್ಟರು. ಅವನು ಅವಳ ಗುರುತು ಹಿಡಿದು, ಬಹಳ ಕಷ್ಟದಿಂದ ತೋಳೆತ್ತಿ ಅವಳನ್ನು ಬಳಸಿದನು. 29ರಂದು ಪ್ರಾಣಬಿಟ್ಟನು. ಏಳು ಮಕ್ಕಳ ಭಾರವನ್ನು ಹೊತ್ತ ಕ್ಲಾರಾ ಊರೂರು ತಿರುಗಿ ಪಿಯಾನೋ ನುಡಿಸಿದಳು; ಗಂಡನ ಕೃತಿಗಳನ್ನು ಯೂರೋಪಿನ ಸಭೆಗಳಿಗೆ ಕೇಳಿಸಿದಳು.