ಮರಳಿ ಬಾರದ ವಿಮಾನಗಳ ಲೆಕ್ಕ

ಅಬ್ರಹಾಂ ವಾಲ್ಡ್ ಜನಿಸಿದ್ದು 1902ರ ಅಕ್ಟೋಬರ್ 31ರಂದು, ಆಗ ಆಸ್ಟ್ರಿಯಾ-ಹಂಗೆರಿಗೆ ಸೇರಿದ್ದು ಈಗ ರುಮೇನಿಯಾದಲ್ಲಿರುವ ಕ್ಲೂಜ್ ಪಟ್ಟಣದಲ್ಲಿ. ಮನೆತನ ಆಚಾರನಿಷ್ಠ ಯೆಹೂದ್ಯರದು. ಶನಿವಾರ ಅವರಿಗೆ ಪವಿತ್ರ ದಿನ. ಅಂದು ಶಾಲೆಗೆ ಹೋಗುವುದು ನಿಷಿದ್ಧವಾದುದರಿಂದ ಬಾಲಕನ ವಿದ್ಯಾಭ್ಯಾಸ ಮನೆಯಲ್ಲಿಯೇ ನಡೆಯಿತು. ವಿಯೆನ್ನಾದಲ್ಲಿ ಕಾರ್ಲ್ ಮೆಂಗರನ ಶಿಷ್ಯನಾಗಿ ಗಣಿತವನ್ನು ಅಭ್ಯಸಿಸಿ 1931ರಲ್ಲಿ ಡಾಕ್ಟರೇಟ್ ಪಡೆದನು. ಆದರೆ ಯೆಹೂದ್ಯನಿಗೆ ಅಲ್ಲಿ ಅಧ್ಯಾಪಕ ಪೀಠವೆಲ್ಲಿಯದು? ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನ ಸಂಸ್ಥೆಯಲ್ಲಿ ಹೇಗೋ ಆಶ್ರಯ ದೊರೆಯಿತು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ಅಮೆರಿಕದ ಕೌಲ್ಸ್ ಆಯೋಗದ ಆಹ್ವಾನ ಅವನ ಪ್ರಾಣವನ್ನುಳಿಸಿತು. ಹಿಂದೆ ಉಳಿದ ತಂದೆತಾಯಿ, ಸೋದರಿಯರಿಗೆ ಆ ಭಾಗ್ಯವಿರಲಿಲ್ಲ. ಒಬ್ಬ ಸೋದರನ ಹೊರತು ಮನೆಮಂದಿಯೆಲ್ಲ ನಾಜಿಗಳ ಕೈಯಲ್ಲಿ ಅಳಿದರು.

ಯುದ್ಧಕಾಲದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸೈನ್ಯದ ನೆರವಿಗೆಂದು ಒಂದು ಸಂಖ್ಯಾಶಾಸ್ತ್ರ ಮಂಡಲಿ ಏರ್ಪಟ್ಟಿತು. ವಾಲ್ಡ್ ಅದರ ಸದಸ್ಯ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಶತ್ರುದೇಶದವನು. ತಾನು ಬರೆದ ಹಾಳೆಯನ್ನು ತಾನೇ ಓದುವ ಅಧಿಕಾರ ಇವನಿಗಿಲ್ಲವೆಂದು ಸಹೋದ್ಯೋಗಿಗಳು ಪರಿಹಾಸ ಮಾಡುತ್ತಿದ್ದರಂತೆ.

ಮದ್ದುಗುಂಡುಗಳ ಪರೀಕ್ಷೆಯಲ್ಲಿ ಸಾವಿರಾರು ಗುಂಡುಗಳು ವ್ಯರ್ಥವಾಗುತ್ತಿದ್ದವು. ಅನುಭವಿಯಾದ ಅಧಿಕಾರಿಗೆ ಮೊದಲ ಕೆಲವು ನೂರರಲ್ಲಿಯೇ ಫಲಿತಾಂಶ ಗೋಚರಿಸಿದರೂ ನಿಗದಿಯಾದ ಸಂಖ್ಯೆ ಮುಗಿಯುವವರೆಗೆ ನಿಲ್ಲಿಸುವಂತಿರಲಿಲ್ಲ. 1943ರಲ್ಲಿ ಈ ತೊಡಕು ವಾಲ್ಡನ ಮುಂದೆ ಬಂದಿತು. ಅವನು ಕಂಡುಹಿಡಿದ ಅನುಕ್ರಮ ವಿಶ್ಲೇಷಣೆಯ ತಿರುಳನ್ನು ನಮ್ಮ ಅಡುಗೆಯ ಮನೆಯಲ್ಲಿಯೇ ಕಾಣಬಹುದು. ಅನ್ನ ಬೆಂದಿತೇ ಎಂದು ನೋಡುವ ಗೃಹಿಣಿ ಒಂದಗುಳನ್ನು ಹಿಸುಕುತ್ತಾಳೆ, ಸಂಶಯವಿದ್ದರೆ ಇನ್ನೊಂದನ್ನು, ಸಂಶಯ ತೀರಿದೊಡನೆ ನಿಲ್ಲಿಸುತ್ತಾಳೆ. ವಾಲ್ಡ್ ಆ ಸಂಶಯಕ್ಕೆ ಅಳತೆ ಕೊಟ್ಟನು. ನಕ್ಷೆಯ ಮೇಲೆ ಎರಡು ಗೆರೆ. ಒಂದೊಂದು ವಸ್ತುವನ್ನು ಪರೀಕ್ಷಿಸಿದಂತೆ ದೋಷಗಳ ಎಣಿಕೆ ಮೇಲಿನ ಗೆರೆ ದಾಟಿದರೆ ಇಡೀ ರಾಶಿ ತಿರಸ್ಕೃತ, ಕೆಳಗಿನದಕ್ಕಿಂತ ಇಳಿದರೆ ಸ್ವೀಕೃತ, ನಡುವೆ ಇದ್ದರೆ ಪರೀಕ್ಷೆ ಮುಂದುವರಿಯಬೇಕು. ಇದರಿಂದ ಪರೀಕ್ಷೆಯ ಶ್ರಮ ಸಾಮಾನ್ಯವಾಗಿ ಅರ್ಧದಷ್ಟು ಉಳಿಯುತ್ತಿತ್ತು. ಸರ್ಕಾರ ಇದನ್ನು 1945ರವರೆಗೆ ಗುಟ್ಟಾಗಿಟ್ಟಿತು.

ವಿಮಾನಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಯುದ್ಧದಿಂದ ಮರಳಿದ ವಿಮಾನಗಳ ಮೈಮೇಲಿನ ತೂತುಗಳನ್ನು ಎಣಿಸಬಹುದು; ಆದರೆ ಉಕ್ಕಿನ ಕವಚವನ್ನು ಎಲ್ಲೆಡೆ ಹೊದಿಸಿದರೆ ವಿಮಾನ ಏಳಲಾರದು. ಹೆಚ್ಚು ತೂತು ಬಿದ್ದಲ್ಲಿ ಕವಚವಿಡಬೇಕೆಂಬುದು ಸಹಜವಾದ ಊಹೆ. ವಾಲ್ಡನ ಗಮನ ಬಾರದ ವಿಮಾನಗಳ ಕಡೆಗೆ ಹರಿಯಿತು. ಅವನ ಒಂದು ಕಾಲ್ಪನಿಕ ಉದಾಹರಣೆಯಲ್ಲಿ ಹೊರಟವು 400. ಏಟಿಲ್ಲದೆ ಬಂದವು 320. ಏಟು ತಿಂದೂ ಬಂದವು 60. ಉಳಿದ 20ರ ಮೈಯನ್ನು ಕಂಡವರಿಲ್ಲ. ಗುಂಡಿಗೆ ಕಣ್ಣಿಲ್ಲ, ಅದು ಎಲ್ಲೆಡೆ ವಿಸ್ತಾರಕ್ಕೆ ತಕ್ಕಂತೆ ಬೀಳಬೇಕು. ಬಂದವುಗಳ ಎಂಜಿನ್ನಿನಲ್ಲಿ ತೂತು ಕಡಿಮೆಯಾಗಿದ್ದರೆ, ಅಲ್ಲಿ ಏಟು ತಿಂದವು ಬರಲಿಲ್ಲವೆಂದೇ ಅರ್ಥ. ಸೇನಾನಿಗಳ ಎದುರು ಎದ್ದು ನಿಂತು ವಾಲ್ಡ್ ಹೀಗೆ ಗುಡುಗಿದನೆಂಬ ಕಥೆ ಈಚೆಗೆ ಬಹಳ ಪ್ರಚಾರದಲ್ಲಿದೆ, ನನಗದು ರುಚಿಸದು. 1943ರ ಆ ಟಿಪ್ಪಣಿಗಳಲ್ಲಿ ಗುಡುಗಿಲ್ಲ, ಬರಿಯ ಸಮೀಕರಣಗಳು. ಅವು ಸಾರ್ವಜನಿಕರ ಕೈಗೆ ಸುಲಭವಾಗಿ ಸಿಕ್ಕಿದ್ದು 1980ರಲ್ಲಿ ಮರುಮುದ್ರಣವಾದ ಮೇಲೆ.

1950ರಲ್ಲಿ ವಾಲ್ಡ್ ನಮ್ಮ ಸರ್ಕಾರದ ಆಮಂತ್ರಣದ ಮೇಲೆ ಪತ್ನಿ ಲೂಸಿಲ್ ಸಮೇತ ಭಾರತಕ್ಕೆ ಬಂದನು. ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸಂದರ್ಶಿಸಿದನು. ಮುಂದಿನ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಭಾಗವಹಿಸುವವನಿದ್ದನು. ಡಿಸೆಂಬರ್ 13ರಂದು ದಂಪತಿಗಳಿದ್ದ ವಿಮಾನ ನೀಲಗಿರಿಯ ಬೆಟ್ಟಗಳಿಗೆ ಅಪ್ಪಳಿಸಿತು, ಇಬ್ಬರೂ ಮಡಿದರು. ಅವನಿಗಾಗ 48 ವರ್ಷ. ಎಳೆಯ ಮಕ್ಕಳಿಬ್ಬರು ಅಮೆರಿಕದಲ್ಲಿದ್ದರು. ಬೆಂಗಳೂರಿನ ಅಧಿವೇಶನ 1951ರ ಜನವರಿಯಲ್ಲಿ ಅವನಿಲ್ಲದೆಯೇ ನಡೆಯಿತು.